ವೀಳ್ಯವಿಲ್ಲದ ಓಲಗ

ಚಿಂತೆ ಮಾಡುವುದಕ್ಕೆ ನನಗೆ ಕಾರಣ ಬೇಕೇ ಬೇಕೆಂದಿಲ್ಲ. ಸಿಕ್ಕರೆ ಅನುಕೂಲ, ಅಷ್ಟೇ. ಹನಕೆರೆ ಸ್ಟೇಷನ್ನಿನಿಂದ ಒಳಗೆ, ಕಬ್ಬಿನ ಗದ್ದೆಗಳ ನಡುವೆ ಇದ್ದ ಒಂದು ಹಳ್ಳಿಯ ಪ್ರೈಮರಿ ಸ್ಕೂಲಿಗೆ ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ನನ್ನ ಚಿಂತೆಗಳಿಗೆ ಒಂದು ಕ್ರಮವಿತ್ತು. ಬೆಳಿಗ್ಗೆ ಎದ್ದೊಡನೆ ಸ್ಕೂಲಿನ ಹೆಂಚು, ಮಧ್ಯಾಹ್ನ ನನ್ನ ಹೊಟ್ಟೆ, ಸಂಜೆ ಯುದ್ಧ. ಜಪಾನಿನವರು ಬಂದರೆ ಮದ್ದೂರಿನ ಮೇಲೆ ಬರುತ್ತಾರೋ ಮಳವಳ್ಳಿಯ ಮೇಲೆ ಬರುತ್ತಾರೋ ಎಂದು ನಾನು ಯೋಚಿಸಿದಷ್ಟು ಜಪಾನಿನವರೂ ಯೋಚಿಸಿರಲಾರರು. ಇವೆಲ್ಲದರ ಅಡಿಯಲ್ಲಿ, ಬೂದಿಯೊಳಗಿನ ಕೆಂಡದ ಹಾಗೆ, ಹಗಲೂ ರಾತ್ರಿ ಇದ್ದದ್ದು ವರ್ಗದ ಚಿಂತೆ.

ವರ್ಗ ಎಂದರೆ ನಮ್ಮ ಕಡೆಯ ಮೇಷ್ಟ್ರುಗಳಿಗೆ ಆಗ ಒಂದೇ ಅರ್ಥ: ಮಳವಳ್ಳಿ ತಾಲ್ಲೂಕು, ಪೂರಿಗಾಲಿ ಕಡೆ. ಆ ಊರಿನ ತಪ್ಪೇನೂ ಇಲ್ಲ. ಒಳ್ಳೆಯ ಊರು, ಒಳ್ಳೆಯ ಜನ. ಆದರೆ ಅಲ್ಲಿಗೆ ರೈಲಿರಲಿಲ್ಲ, ಬಸ್ಸು ಬರುತ್ತದೆಂದು ಹೇಳುವವರಿದ್ದರೇ ಹೊರತು ಬಂದದ್ದನ್ನು ನೋಡಿದವರು ಕಡಿಮೆ. ಅದಕ್ಕಿಂತ ದೊಡ್ಡ ತೊಡಕು ನನ್ನ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಬಹಳ ಕಾಲ ಆಸೆಪಟ್ಟು ಒಂದು ಎಮ್ಮೆ ಕೊಂಡಿದ್ದಳು. ಅದು ಆಗತಾನೇ ಕರು ಹಾಕಿತ್ತು. ವರ್ಗದ ಮಾತು ಬಂದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು: "ನೀವು ಹೋಗಿ ಬನ್ನಿ. ನಾನು ಎಮ್ಮೆ ಬಿಟ್ಟು ಬರೋಳಲ್ಲ." ಹೋಗಿ ಬರುವುದು ಎಂದರೆ ಎಷ್ಟು ವರ್ಷದ ಮೇಲೆ ಬರುವುದು ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎಮ್ಮೆಗೂ ನನಗೂ ಒಂದು ತೂಕ ನಡೆದರೆ ತಕ್ಕಡಿ ಯಾವ ಕಡೆ ವಾಲುತ್ತದೆಂಬುದು ಗೊತ್ತಿದ್ದ ಗಂಡಸು ಇಂಥ ಪ್ರಶ್ನೆ ಕೇಳುವುದಿಲ್ಲ.

ಹೀಗಿರುವಾಗ ನಮ್ಮ ಸ್ಕೂಲುಗಳ ಇನ್‌ಸ್ಪೆಕ್ಟರು ಮೈಸೂರಿಗೆ ಹೋಗಿ, ಯಾವುದೋ ದೊಡ್ಡವರ ಪಕ್ಕದಲ್ಲಿ ಕೂತು, ವಿಲಾಯಿತಿ ಮಾದರಿಯ ದೊಡ್ಡ ವಾದ್ಯವೃಂದವೊಂದನ್ನು ಕೇಳಿಕೊಂಡು ಬಂದರು. ಮೈಸೂರಿಗೆ ಹೋದವರು ಸಾಮಾನ್ಯವಾಗಿ ಊದುಬತ್ತಿ ತರುತ್ತಾರೆ. ಇವರು ಒಂದು ಯೋಜನೆ ತಂದರು. ಮಕ್ಕಳು ಕಾಗುಣಿತಕ್ಕೆ ಕೈ ಹಾಕುವ ಮೊದಲೇ ಅವರಿಗೆ ಶಾಸ್ತ್ರೀಯ ಸಂಗೀತದ, ಸಕಲ ವಾದ್ಯಗಳ ಪರಿಚಯವಾಗಬೇಕು. ನಮ್ಮವೂ ಆಗಬೇಕು, ಅವರವೂ ಆಗಬೇಕು.

ಸ್ಕೂಲಿನ ಜಗಲಿಯ ಮೇಲೆ ನಿಂತು ಅವರು, ನಿಮ್ಮ ಮಕ್ಕಳಿಗೆ ಎಷ್ಟು ವಾದ್ಯಗಳು ಗೊತ್ತು ಎಂದು ಕೇಳಿದರು. ನಾನು ಸುತ್ತ ನೋಡಿ, "ಗಂಟೆ" ಎಂದೆ. ಅದೂ ಪೂರ್ತಿ ನಿಜವಲ್ಲ. ನಮ್ಮದು ಸೂರಿಗೆ ನೇತುಹಾಕಿದ ರೈಲುಕಂಬಿಯ ತುಂಡು. ಅವರು ಮುಗುಳ್ನಕ್ಕು, ವಿನಯ ಬೇಡ, ನೀವು ರಸಿಕರು, ನಾನು ಕಣ್ಣಾರೆ ನೋಡಿದ್ದೇನೆ ಎಂದರು. ಮಂಡ್ಯದಲ್ಲಿ ರಾಮನವಮಿಯ ಕಚೇರಿಯಲ್ಲಿ ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದುದನ್ನು ಅವರು ನೋಡಿದ್ದರಂತೆ. ಆ ಸಂಜೆ ನಾನು ಹನಕೆರೆಗೆ ಕೊನೆಯ ಗಾಡಿ ತಪ್ಪಿಹೋಗುತ್ತದೆಂದು ಪೇಚಾಡುತ್ತಿದ್ದೆ. ಚಿಂತೆ ಜಾಸ್ತಿಯಾದಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ತಲೆ ತಾನಾಗಿ ಆಡುತ್ತದೆ. ಇದನ್ನು ಮೇಲಧಿಕಾರಿಗೆ ವಿವರಿಸುವ ಬಗೆ ಹೇಗೆ?

ಮುಂದಿನ ಸಲ ಬಂದಾಗ ಅವರು ಪರೀಕ್ಷೆ ಮಾಡುತ್ತಾರೆ. ಮಕ್ಕಳು ಗೋಡೆಗೆ ಮುಖ ಮಾಡಿ ಕೂರಬೇಕು, ಹಿಂದಿನಿಂದ ಒಂದೊಂದೇ ವಾದ್ಯ ನುಡಿಸಬೇಕು, ಮಕ್ಕಳು ಹೆಸರು ಹೇಳಬೇಕು. ಹೇಳಿದರೆ ನಮ್ಮ ಸ್ಕೂಲು ಇಡೀ ಸೀಮೆಗೆ ಮಾದರಿ. ಹೇಳದಿದ್ದರೆ... ಅವರು ಮಾತು ಮುಗಿಸದೆ ಮಳವಳ್ಳಿಯ ದಿಕ್ಕಿಗೆ ನೋಡಿದರು. ಆ ದಿಕ್ಕಿನಲ್ಲಿ ಒಂದು ಹುಣಿಸೆಮರವಿತ್ತು. ಅವರು ನೋಡಿದ್ದು ಅದನ್ನೇ ಇರಬಹುದು. ನನಗೆ ಕಂಡದ್ದು ಪೂರಿಗಾಲಿ.

ಹೋಗುವ ಮೊದಲು ವಿಲಾಯಿತಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರವನ್ನು ಗೋಡೆಗೆ ಅಂಟಿಸಿ ಹೋದರು. ಕರಿ ಕೋಟು ಹಾಕಿದ ಒಂದು ಸಂತೆಯಷ್ಟು ಜನ, ಕೈಯಲ್ಲಿ ಒಬ್ಬೊಬ್ಬರದು ಒಂದೊಂದು ವಾದ್ಯ. ಮಕ್ಕಳು ಮುತ್ತಿಕೊಂಡವು.

"ಯಾರ್ ಮದ್ವೆ ಸಾ ಇದು?"

ಮದುವೆಯಲ್ಲ, ಸಂಗೀತ ಎಂದೆ. ಮದುವೆಯಿಲ್ಲದ ಮೇಲೆ ಇಷ್ಟೊಂದು ಓಲಗದವರು ಯಾಕೆ ಬಂದಿದ್ದಾರೆ, ಇವರಿಗೆಲ್ಲ ಊಟ ಹಾಕುವವರು ಯಾರು ಎಂಬ ಪ್ರಶ್ನೆ ಬಂತು. ನನಗೂ ಅದು ನ್ಯಾಯವಾದ ಪ್ರಶ್ನೆ ಎನಿಸಿತು. ನಿಂತುಕೊಂಡೇ ನುಡಿಸಬೇಕಾದಷ್ಟು ದೊಡ್ಡದಾದ ಒಂದು ಪಿಟೀಲಿತ್ತು. ಅದಕ್ಕೆ ಅವರು ಪಿಟೀಲಿನ ಅಜ್ಜ ಎಂದು ಹೆಸರಿಟ್ಟರು. ಚಿತ್ರದಲ್ಲಿದ್ದವರ ಪೈಕಿ ಕೇಳದೇ ಗುರುತು ಹಿಡಿದದ್ದು ಒಬ್ಬರನ್ನು ಮಾತ್ರ. ಎಲ್ಲರಿಗೂ ಎದುರಾಗಿ, ನಮಗೆ ಬೆನ್ನು ಹಾಕಿ, ಕೈಯಲ್ಲಿ ಕಡ್ಡಿ ಎತ್ತಿ ನಿಂತಿದ್ದವರನ್ನು. "ಇವ್ರು ಮೇಷ್ಟ್ರು ಸಾ" ಎಂದವು. ಉಳಿದವರು ಏನು ತಪ್ಪು ಮಾಡಿದರೆಂದು ಕೇಳಿದವು.

ಇನ್ನು ವಾದ್ಯಗಾರರನ್ನು ಕೂಡಿಸುವ ಕೆಲಸ. ಪಿಟೀಲಿಗೆ ಮಂಡ್ಯಕ್ಕೆ ಹೋದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಡೆ ಗುಮಾಸ್ತರಾಗಿದ್ದ ಒಬ್ಬರು ಸಂಜೆ ಹೊತ್ತು ಪಿಟೀಲು ನುಡಿಸುತ್ತಿದ್ದರು. ಮಕ್ಕಳಿಗೆ ಎಂದ ಕೂಡಲೇ ಅವರ ಮುಖ ಹುಳ್ಳಗಾಯಿತು. ಎರಡು ವರ್ಷ ಸರಳೆ ವರಸೆ, ಜಂಟಿ ವರಸೆ ಹಾಡದ ಮಗುವಿಗೆ ಪಿಟೀಲನ್ನು ತೋರಿಸುವುದೇ ಅಪಚಾರ ಎಂಬುದು ಅವರ ಮತ. ದೂರದಿಂದ ತೋರಿಸಿದರೆ ಸಾಕು ಎಂದು ಒಪ್ಪಿಸಿದೆ. ಕ್ಲಾರಿನೆಟ್ಟಿಗೆ ಮದ್ದೂರಿಗೆ ಹೋದೆ. ಅಲ್ಲಿ ಸೈಕಲ್, ಸ್ಟೌ, ಪೆಟ್ರೊಮ್ಯಾಕ್ಸ್ ರಿಪೇರಿ ಮಾಡುವ ಸಾಹೇಬರೊಬ್ಬರು ಮದುವೆಗಳಿಗೆ ಬ್ಯಾಂಡ್ ಸೆಟ್ ನಡೆಸುತ್ತಿದ್ದರು. ಅವರಿಗೆ ಮಕ್ಕಳ ಬಗ್ಗೆ ಆಕ್ಷೇಪವಿರಲಿಲ್ಲ. ಜರಿಯ ಕೋಟಿನ ಇಸ್ತ್ರಿಯ ಬಗ್ಗೆ ಇತ್ತು. ಬರುವುದಾದರೆ ಕೋಟು ಹಾಕಿಕೊಂಡೇ ಬರುವುದು, ಕೋಟು ಹಾಕಿಕೊಂಡರೆ ನಡೆದು ಬರುವುದಿಲ್ಲ, ಸ್ಟೇಷನ್ನಿಗೆ ಗಾಡಿ ಕಳಿಸಬೇಕು. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ಒಂದೇ ಮಟ್ಟು, ಅದನ್ನು ಎಷ್ಟು ಜೋರಾಗಿ ನುಡಿಸುತ್ತಿದ್ದರೆಂದರೆ ಎರಡನೆಯದರ ಅಗತ್ಯ ಯಾರಿಗೂ ಕಂಡಿರಲಿಲ್ಲ. ಅವರಿಗೂ ಪಿಟೀಲಿನವರಿಗೂ ಮೊದಲ ದಿನವೇ ಆಗಲಿಲ್ಲ. ಒಬ್ಬರು ಬೀದಿಯಲ್ಲಿ ನುಡಿಸುವವರ ಜೊತೆ ಕೂರುವುದಿಲ್ಲ ಎಂದರು, ಇನ್ನೊಬ್ಬರು ಬೀದಿಯ ಆಚೆಗೂ ಕೇಳಿಸದ ವಾದ್ಯ ಒಂದು ವಾದ್ಯವೇ ಎಂದರು. ಹೀಗಾಗಿ ಅಭ್ಯಾಸಕ್ಕೆ ಒಬ್ಬರು ಬಂದ ದಿನ ಇನ್ನೊಬ್ಬರು ಬಾರದಂತೆ ನೋಡಿಕೊಂಡೆ.

ಓಲಗಕ್ಕೆ ಮಾತ್ರ ದೂರ ಹೋಗಬೇಕಾಗಿರಲಿಲ್ಲ. ನಾಗಸ್ವರ ಊದುವ ಮುದುಕರೂ ಡೋಲು ಬಾರಿಸುವ ಅವರ ಅಳಿಯನೂ ನಮ್ಮ ಹಳ್ಳಿಯವರೇ. ನಾಗಸ್ವರದ ಮುದುಕರು ನನ್ನ ಮಾತನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಗೌಡ್ರಿಗೆ ಈಳ್ಯ ಕೊಟ್ರಾ ಸಾಮಿ?"

ಇದೊಂದನ್ನು ಹೇಳಿಬಿಡಬೇಕು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಏನೇ ಶುಭಕಾರ್ಯವಾಗಲಿ, ಓಲಗದ ಮೊದಲ ಸ್ವರ ಏಳುವ ಮುಂಚೆ ಊರ ಯಜಮಾನರ ಮನೆಗೆ ಎಲೆ ಅಡಿಕೆ ಹೋಗಬೇಕು. ಅವರು ವೀಳ್ಯ ಹಿಡಿದು 'ಆಗಲಿ' ಎಂದ ಮೇಲೆ ಊದುವುದು. ನನಗೂ ಇದು ಗೊತ್ತಿಲ್ಲದ್ದಲ್ಲ. ಮದುವೆಗಳಲ್ಲಿ ನೋಡಿ ನೋಡಿ ಸಾಕಾಗಿತ್ತು. ಆದರೆ ಸ್ಕೂಲು ಸರ್ಕಾರದ್ದು. ಸರ್ಕಾರದ ಕೆಲಸಕ್ಕೆ ಗೌಡರ ಅಪ್ಪಣೆ ಕೇಳಿದೆನೆಂದು ಇನ್‌ಸ್ಪೆಕ್ಟರಿಗೆ ಗೊತ್ತಾದರೆ? ಎರಡು ರಾತ್ರಿ ಹೊರಳಾಡಿ, ವೀಳ್ಯ ಬೇಡವೆಂದು ತೀರ್ಮಾನಿಸಿದೆ. ಚಿಂತೆಗಾರನ ಗ್ರಹಚಾರವೇ ಇದು. ನೂರು ವಿಷಯ ಚಿಂತಿಸಿ ಸುಮ್ಮನೆ ಬಿಡುತ್ತಾನೆ. ಒಂದನ್ನು ಮಾತ್ರ ತೀರ್ಮಾನಿಸುತ್ತಾನೆ, ಅದೇ ತಪ್ಪಿರುತ್ತದೆ. ಮುದುಕರು ತಲೆ ಕೆರೆದುಕೊಂಡು, ಅಧಿಕಾರಿಗಳು ಬಂದ ದಿನ ಊದುತ್ತೇನೆ, ಅಲ್ಲಿಯವರೆಗೆ ಉಸಿರು ಬಿಡುವುದಿಲ್ಲ ಎಂದರು. ಅಭ್ಯಾಸದ ದಿನಗಳಲ್ಲಿ ಅವರು ನಾಗಸ್ವರವನ್ನು ತುಟಿಗೆ ಹಚ್ಚದೆ ಬೆರಳು ಆಡಿಸಿ ತೋರಿಸಿದರು. ಮಕ್ಕಳು ಶ್ರದ್ಧೆಯಿಂದ ಆ ಮೌನವನ್ನು ಕೇಳಿದವು.

ಅಭ್ಯಾಸ ಎಂದೆನಲ್ಲ, ಅದರ ಕಥೆ ಬೇರೆ. ಮಕ್ಕಳಿಗೆ ವಾದ್ಯಗಳು ಗೊತ್ತಿಲ್ಲವೆಂದು ಇನ್‌ಸ್ಪೆಕ್ಟರು ತಿಳಿದದ್ದು ತಪ್ಪು. ಅವಕ್ಕೆ ಎಲ್ಲವೂ ಗೊತ್ತಿತ್ತು, ಹೆಸರಿನಿಂದಲ್ಲ, ಊಟದಿಂದ. ಸಾಹೇಬರು ಕ್ಲಾರಿನೆಟ್ಟು ನುಡಿಸಿದ ಕೂಡಲೇ ಗೋಡೆಗೆ ಮುಖ ಮಾಡಿದ್ದ ಮಕ್ಕಳೆಲ್ಲ ಒಟ್ಟಿಗೆ "ಬೂಂದಿ" ಎಂದವು. ಮದ್ದೂರಿನ ಮದುವೆಗಳಲ್ಲಿ ಬ್ಯಾಂಡೂ ಬೂಂದಿಯೂ ಜೊತೆಗೇ ಬರುತ್ತಿದ್ದವು. ತಮಟೆಯ ಚಿತ್ರ ಬರೆದು ತೋರಿಸಿದರೆ, ಹಬ್ಬದ ತಮಟೆಯೋ ಸಾವಿನ ತಮಟೆಯೋ ಎಂದು ಕೇಳಿದವು. ಊಟ ಎರಡಕ್ಕೂ ಬೇರೆ ಬೇರೆಯಂತೆ. ಪಿಟೀಲೊಂದಕ್ಕೇ ಯಾವ ಊಟವೂ ಇರಲಿಲ್ಲ. ಮೊದಲ ಸಲ ಕೇಳಿದಾಗ ಬೆಂಚಿನ ತುದಿಯ ಒಂದು ಹುಡುಗಿ, "ಎಣ್ಣೆ ಕಾಣದ ಗಾಡಿ ಸಾ" ಎಂದಳು. ಪಿಟೀಲಿನವರು ಆ ದಿನ ಮತ್ತೆ ನುಡಿಸಲಿಲ್ಲ. ಅವರು ಹೋದ ಮೇಲೆ ನಾನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮಗ್ಗಿ ಹೇಳಿಸಿದ ಹಾಗೆ, "ಪಿಟೀಲು, ಕ್ಲಾರಿನೆಟ್ಟು, ನಾಗಸ್ವರ, ಡೋಲು" ಎಂದು ದಿನವೂ ಹೇಳಿಸಿದೆ. ರಾಗವಾಗಿ ಹೇಳುತ್ತಿದ್ದವು. ಸಂಗೀತವೆಂದರೆ ನಮ್ಮ ಸ್ಕೂಲಿನಲ್ಲಿ ಅದೊಂದೇ ನಡೆದದ್ದು.

ಪರೀಕ್ಷೆಯ ದಿನ ಬಂತು. ಇನ್‌ಸ್ಪೆಕ್ಟರು ರೇಷ್ಮೆ ಪಂಚೆಯಲ್ಲಿ ಬಂದರು. ಹೆಂಡತಿ ಕಾಫಿಗೆಂದು ಚೊಂಬಿನ ತುಂಬ ಹಾಲು ತಂದು, ಕಿಟಕಿಯ ಹೊರಗೆ ನಿಂತಳು. ತನ್ನ ಎಮ್ಮೆಯ ಹಣೆಬರಹ ಒಳಗೆ ನಿರ್ಧಾರವಾಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಮಕ್ಕಳು ಗೋಡೆಗೆ ಮುಖ ಮಾಡಿದವು. ಪಿಟೀಲಿಗೆ "ಪಿಟೀಲು" ಎಂದವು. ನನಗೆ ಉಸಿರು ಬಂತು. ಕ್ಲಾರಿನೆಟ್ಟಿಗೆ ಅರ್ಧ ಮಕ್ಕಳು "ಕ್ಲಾರಿನೆಟ್ಟು" ಎಂದವು, ಉಳಿದರ್ಧ "ಬೂಂದಿ" ಎಂದವು. ಇನ್‌ಸ್ಪೆಕ್ಟರು ನನ್ನ ಕಡೆ ನೋಡಿದರು. ಬೂಂದಿ ಒಂದು ಪ್ರಾಚೀನ ವಾದ್ಯವಿರಬಹುದು ಎಂಬಂಥ ಮುಖ ಮಾಡಿ ನಿಂತೆ.

ಆಮೇಲೆ ಓಲಗ. ಇಷ್ಟು ದಿನ ಕಟ್ಟಿಟ್ಟ ಉಸಿರನ್ನೆಲ್ಲ ಮುದುಕರು ಒಂದೇ ಸಲ ಬಿಟ್ಟರು, ಅಳಿಯ ಗಟ್ಟಿಮೇಳಕ್ಕೆ ಬಾರಿಸುವ ಹಾಗೆ ಡೋಲು ಬಾರಿಸಿದ. ಒಂದು ಮಗುವೂ ಹೆಸರು ಹೇಳಲಿಲ್ಲ. ಎಲ್ಲವೂ ಎದ್ದು ತಿರುಗಿ, ಹೆಣ್ಣು ಎಲ್ಲಿ ಎಂದು ನೋಡಲು ಬಾಗಿಲಿಗೆ ಓಡಿದವು. ಹೊರಗೆ ಕಬ್ಬಿನ ಗದ್ದೆಯಿಂದ ಜನ ಮಚ್ಚು ಹಿಡಿದುಕೊಂಡೇ ಬರುತ್ತಿದ್ದರು, ಹೆಂಗಸರು ಸೆರಗು ಸರಿಮಾಡಿಕೊಂಡು ಬರುತ್ತಿದ್ದರು. ಎಲ್ಲರ ಮುಂದೆ, ಪಂಚೆ ಎತ್ತಿ ಕಟ್ಟಿಕೊಂಡು, ಊರ ಯಜಮಾನ ಗೌಡರು. ಅವರನ್ನು ಕಂಡದ್ದೇ ಮುದುಕರು ನಾಗಸ್ವರವನ್ನು ತುಟಿಯಿಂದ ತೆಗೆದು ಹೆಗಲ ಬಟ್ಟೆಯಲ್ಲಿ ಮುಚ್ಚಿಕೊಂಡರು. ಗೌಡರು ಜಗಲಿಯ ಮೇಲೆ ಕೂತರು.

"ಯಾರ್ ಮದ್ವೆ ಮೇಷ್ಟ್ರೇ?"

"ಮದುವೆ ಅಲ್ಲ ಗೌಡ್ರೇ. ಮಕ್ಕಳಿಗೆ ಸಂಗೀತದ ಪರಿಚಯ."

"ಮದ್ವೆ ಇಲ್ಲ. ದ್ಯಾವ್ರು ಹೊಂಟಿಲ್ಲ. ಯಾರ ಮಗ್ಳೂ ದೊಡ್ಡೋಳಾಗಿಲ್ಲ. ಸುಮ್ಸುಮ್ನೆ ಓಲ್ಗ ಊದ್ಸ್‌ಬುಟ್ರಿ. ನಮ್ಮನೇಲಿ ಮೊಮ್ಮಗಳ ಲಗ್ನ ಇಟ್ಕೊಂಡಿವ್ನಿ ನಾನು. ಬರಿ ಓಲ್ಗ ಊರಲ್ಲಿ ತಿರುಗ್ತಾ ಇದ್ರೆ ಅದು ಯಾರ್ ಮನೆಗೆ ಓಗಿ ಕೂತ್ಕೊಂಡದು, ಏಳಿ ನೋಡವ."

ಬರಿಯ ಓಲಗ ಎಲ್ಲಿಗೆ ಹೋಗಿ ಕೂರುತ್ತದೆ ಎಂಬುದನ್ನು ನಾನು ಚಿಂತಿಸಿಯೇ ಇರಲಿಲ್ಲ. ಅಷ್ಟು ಒಳ್ಳೆಯ ಚಿಂತೆಯೊಂದು ಇಷ್ಟು ವರ್ಷ ನನ್ನ ಕೈತಪ್ಪಿಹೋಗಿದ್ದಕ್ಕೆ ಆಶ್ಚರ್ಯವಾಯಿತು. ಇನ್‌ಸ್ಪೆಕ್ಟರು ಮುಂದೆ ಬಂದು, ಇದು ಶಾಸ್ತ್ರೀಯ ಸಂಗೀತ, ಇದಕ್ಕೂ ಮದುವೆಗೂ ಸಂಬಂಧವಿಲ್ಲ, ಇಂಗ್ಲೆಂಡಿನಲ್ಲಿ ಹಾಲು ಕುಡಿಯುವ ಮಕ್ಕಳೂ ಇದನ್ನು ಕೇಳುತ್ತವೆ ಎಂದು ವಿವರಿಸಿದರು. ಗೌಡರು ತಾಳ್ಮೆಯಿಂದ ಕೇಳಿದರು. ಇಂಗ್ಲೆಂಡಿನಲ್ಲಿ ಯಜಮಾನರಿಗೆ ವೀಳ್ಯ ಕೊಡುವುದಿಲ್ಲವೇ ಎಂದು ವಿಚಾರಿಸಿದರು. ಕೊಡುವುದಿಲ್ಲ ಎಂದು ತಿಳಿದ ಮೇಲೆ, ಅದಕ್ಕೇ ಅವರಿಗೆ ಈ ಯುದ್ಧ ಬಂದಿರುವುದು ಎಂಬಂತೆ ತಲೆಯಾಡಿಸಿದರು. ಆಗ ಅವರ ಕಣ್ಣು ಮೂಲೆಯಲ್ಲಿದ್ದ ಪಿಟೀಲಿನ ಮೇಲೆ ಬಿತ್ತು.

"ಅದ್ಯಾವುದ್ಕೆ ಊದದು? ಮದ್ವೆಗಾ, ತಿಥಿಗಾ?"

ಪಿಟೀಲಿನವರು ಬೆಳಗಿನಿಂದ ಮುನಿಸಿಕೊಂಡೇ ಇದ್ದರು. ಎದ್ದು ನಿಂತು, "ಇದನ್ನು ಊದೋದಿಲ್ಲ. ಇದು ಯಾವುದಕ್ಕೂ ಅಲ್ಲ. ಕೇಳೋದಕ್ಕೆ" ಎಂದರು.

"ಬರೀ ಕೇಳಕ್ಕಾ?"

"ಬರೀ ಕೇಳೋದಕ್ಕೆ."

ಗೌಡರು ಗಲ್ಲ ಕೆರೆದುಕೊಂಡರು. "ಅಂಗಾರೆ ಅದ್ಕೆ ಈಳ್ಯ ಬ್ಯಾಡ" ಎಂದರು. "ಅವ್ರು ನುಡಿಸ್ತಾ ಇರ್ಲಿ. ನಾವು ಇದ್ನ ತೀರ್ಮಾನ ಮಾಡವ."

ಹೀಗೆ ಜಗಲಿಯ ಮೇಲೆ ಪಂಚಾಯ್ತಿ ಕೂತಿತು, ಒಳಗೆ ಪಿಟೀಲು ಶುರುವಾಯಿತು. ಅಪ್ಪಣೆ ಪಡೆದು ನುಡಿಸುತ್ತಿರುವ ವಾದ್ಯ ತನ್ನದೊಂದೇ ಎಂಬ ಹೆಮ್ಮೆಯೋ ಏನೋ, ಆ ಗುಮಾಸ್ತರು ಅವತ್ತು ಚೆನ್ನಾಗಿ ನುಡಿಸಿದರು. ಹೆಣ್ಣೂ ಇಲ್ಲ, ಬೂಂದಿಯೂ ಇಲ್ಲ ಎಂದು ಖಾತ್ರಿಯಾದ ಮಕ್ಕಳು ಒಂದೊಂದಾಗಿ ವಾಪಸು ಬಂದು ಅವರ ಸುತ್ತ ಕೂತವು. ಗೋಡೆಗೆ ಮುಖ ಮಾಡಬೇಕೆಂದು ಯಾರೂ ಹೇಳಲಿಲ್ಲ. ಎಣ್ಣೆ ಕಾಣದ ಗಾಡಿ ಎಂದಿದ್ದ ಹುಡುಗಿ ಬಿಲ್ಲು ಹೋಗುವ ಕಡೆಗೆಲ್ಲ ತಲೆ ತಿರುಗಿಸುತ್ತ ಬಾಯಿ ತೆರೆದು ಕೂತಿದ್ದಳು. ಒಂದು ಸಣ್ಣ ಮಗು ಇನ್ನೊಂದರ ತೊಡೆಯ ಮೇಲೆ ಮಲಗಿ ನಿದ್ದೆ ಹೋಯಿತು. ಇನ್‌ಸ್ಪೆಕ್ಟರ ಯೋಜನೆ ಆ ಸೀಮೆಯಲ್ಲಿ ನೆರವೇರಿದ್ದು ಅಷ್ಟು ಹೊತ್ತು ಮಾತ್ರ. ಅವರು ಅದನ್ನು ನೋಡಲಿಲ್ಲ. ಜಗಲಿಯಲ್ಲಿ ಗೌಡರಿಗೆ ಶಾಸ್ತ್ರೀಯ ಸಂಗೀತದ ಮಹತ್ವ ವಿವರಿಸುತ್ತಿದ್ದರು.

ಪಂಚಾಯ್ತಿಯ ತೀರ್ಮಾನ ಇಷ್ಟು: ಊದಿದ ಓಲಗವನ್ನು ವಾಪಸು ನುಂಗುವುದಕ್ಕಾಗುವುದಿಲ್ಲ, ಅದಕ್ಕೊಂದು ಕಾರ್ಯ ಕಟ್ಟಬೇಕು. ಈಗಲಾದರೂ ವೀಳ್ಯ ಕೊಟ್ಟು, ಯಾರನ್ನಾದರೂ ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ, ಓಲಗದ ಸಮೇತ ಊರಾಚೆ ಬಿಟ್ಟು ಬಂದರೆ ದೋಷ ಅವರ ಜೊತೆಗೇ ಹೋಗುತ್ತದೆ. ಯಾರನ್ನು? ಊರವರನ್ನು ಆಚೆ ಬಿಡುವಂತಿಲ್ಲ. ನನ್ನ ಕಡೆಗೊಮ್ಮೆ ಎಲ್ಲರೂ ನೋಡಿದರು. ಕಿಟಕಿಯಿಂದ ನನ್ನ ಹೆಂಡತಿಯೂ ನೋಡಿದಳು. ಆದರೆ ನಾನು ಎರಡನೆಯ ಸಲ ಹಸೆ ಏರುವುದು ಸರಿಯಲ್ಲವೆಂದು ಗೌಡರೇ ಹೇಳಿ, ಬೆರಳನ್ನು ನಿಧಾನವಾಗಿ ರೇಷ್ಮೆ ಪಂಚೆಯ ಕಡೆಗೆ ತಿರುಗಿಸಿದರು. ಹೇಗೂ ಹೊರಟು ಹೋಗುವವರು.

ಆಮೇಲೆ ಎಲ್ಲವೂ ಸರಾಗವಾಯಿತು. ಎಲೆ ಅಡಿಕೆ ಬಂತು, ಗೌಡರು ಹಿಡಿದು 'ಆಗ್ಲಿ' ಎಂದರು. ಇನ್‌ಸ್ಪೆಕ್ಟರನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಪೇಟ ಸುತ್ತಿ, ಹಣೆಗೆ ಕುಂಕುಮವಿಟ್ಟು, ಮುತ್ತೈದೆಯರು ಆರತಿ ಎತ್ತಿದರು. ಕಾಫಿಗೆ ತಂದ ಹಾಲು ಪಾಯಸಕ್ಕೆ ಹೋಯಿತು. ಯುದ್ಧಕಾಲದಲ್ಲಿ ಅಕ್ಕಿಗೆ ತತ್ವಾರವಿದ್ದರೂ ನಮ್ಮಲ್ಲಿ ಬೆಲ್ಲಕ್ಕೆ ಬರವಿರಲಿಲ್ಲ. ತಮಗೆ ಸನ್ಮಾನ ನಡೆಯುತ್ತಿದೆಯೆಂದು ಇನ್‌ಸ್ಪೆಕ್ಟರು ತಿಳಿದರು. ಅವರ ಕಣ್ಣಲ್ಲಿ ನೀರಾಡಿತು. ನಡೆಯುತ್ತಿರುವುದು ದೋಷ ಪರಿಹಾರವೆಂದು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಮೆರವಣಿಗೆ ಸ್ಟೇಷನ್ನಿನ ಕಡೆ ಹೊರಟಿತು. ಓಲಗದವರು ತಮ್ಮ ಪಾಡಿಗೆ ಊದಿದರು. ಇಷ್ಟು ಹೊತ್ತು ಕೋಟಿನೊಳಗೆ ಬೆವರುತ್ತಿದ್ದ ಸಾಹೇಬರು ಇನ್ನು ತಡೆಯಲಾರದೆ ತಮ್ಮ ಒಂದೇ ಮಟ್ಟನ್ನು ಎತ್ತಿಕೊಂಡರು. ಎರಡೂ ಒಂದಕ್ಕೊಂದು ಸೇರಲಿಲ್ಲ, ಬಿಟ್ಟುಕೊಡಲೂ ಇಲ್ಲ. ಪಿಟೀಲಿನವರು ದೂಳಿಗೆ ಹೆದರಿ ಪಿಟೀಲನ್ನು ತಲೆಯ ಮೇಲೆ ಹೊತ್ತು ನಡೆದರು. ಇನ್‌ಸ್ಪೆಕ್ಟರು ನನ್ನ ತೋಳು ಹಿಡಿದು, ಮೈಸೂರಿನಲ್ಲಿ ಕೇಳಿದ್ದು ಇದೇ, ಹೆಚ್ಚು ಕಡಿಮೆ ಇದೇ ಎಂದರು. ಪಾಯಸ ಕಂಡ ಮಕ್ಕಳು ಮುಂದೆ ಕುಣಿಯುತ್ತ, ಯಾರೂ ಕೇಳದಿದ್ದರೂ, "ಪಿಟೀಲು, ಕ್ಲಾರಿನೆಟ್ಟು, ನಾಗಸ್ವರ, ಡೋಲು" ಎಂದು ಒಂದೊಂದನ್ನೂ ಬೆರಳು ಮಾಡಿ ತೋರಿಸಿ ರಾಗವಾಗಿ ಹಾಡಿದವು. ಒಂದು ತಪ್ಪಿಲ್ಲ. ನನ್ನ ಎದೆ ಹಗುರಾಯಿತು. ಎಮ್ಮೆ ಉಳಿಯಿತು, ನಾನು ಉಳಿದೆ ಎಂದುಕೊಂಡೆ. ನನ್ನ ಜೀವಮಾನದಲ್ಲಿ ಚಿಂತೆಯಿಲ್ಲದೆ ನಡೆದ ದಾರಿ ಎಂದರೆ ಅದೊಂದೇ, ಆ ಹಳ್ಳಿಯಿಂದ ಹನಕೆರೆ ಸ್ಟೇಷನ್ನಿನವರೆಗೆ.

ರೈಲು ಬಂತು. ಪೇಟ ಕುಂಕುಮದ ಸಮೇತ ಅವರು ಹತ್ತಿದಾಗ, ಡಬ್ಬಿಯೊಳಗಿನ ಒಬ್ಬ ಹೆಂಗಸು ಹೆಣ್ಣು ಎಲ್ಲಿ ಎಂದು ಕೇಳಿದಳು. ಅವರು ಕಿಟಕಿಯಿಂದ ಬಗ್ಗಿ ನನ್ನ ಕೈಹಿಡಿದುಕೊಂಡರು.

"ನಿಮ್ಮಂಥವರು ಒಂದೇ ಹಳ್ಳಿಯಲ್ಲಿ ಕೊಳೆಯಬಾರದು ಮೇಷ್ಟ್ರೇ. ಪೂರಿಗಾಲಿ ಕಡೆ ಮಕ್ಕಳಿಗೆ ಇದರ ಗಂಧವೇ ಇಲ್ಲ. ಅಲ್ಲಿಗೆ ನಿಮ್ಮನ್ನೇ ಹಾಕಿಸುತ್ತೇನೆ. ನನ್ನ ಮಾತು ಅಂದರೆ ಮಾತು."

ಗಾಡಿ ಹೊರಟಿತು. ನನ್ನ ಕಣ್ಣು ಮುಚ್ಚಿಕೊಂಡಿತು, ತಲೆ ಆಡತೊಡಗಿತು. ಅದನ್ನು ಕಂಡ ಬ್ಯಾಂಡಿನ ಸಾಹೇಬರು, ಇಷ್ಟು ಮನಸಾರೆ ಕೇಳುವವರು ಸಿಕ್ಕಿದ್ದೇ ಭಾಗ್ಯವೆಂದು, ಆ ಮಟ್ಟನ್ನು ನನಗೋಸ್ಕರ ಮತ್ತೊಮ್ಮೆ ಮೊದಲಿನಿಂದ ನುಡಿಸಿದರು.

ಮನೆಗೆ ಬಂದಾಗ ಹೆಂಡತಿ ಕೊಟ್ಟಿಗೆಯಲ್ಲಿದ್ದಳು. ಮಕ್ಕಳು ಚೆನ್ನಾಗಿ ಹೇಳಿದವಂತಲ್ಲ ಎಂದಳು. ತುಂಬ ಚೆನ್ನಾಗಿ ಹೇಳಿದವು, ಅದರಿಂದಲೇ ಆಗಿದ್ದು ಎಂದು ನಡೆದದ್ದನ್ನೆಲ್ಲ ಹೇಳಿದೆ. ಅವಳು ನನ್ನ ಮುಖ ನೋಡಲಿಲ್ಲ. ಎಮ್ಮೆಯ ಕಾಲುಗಳನ್ನು ಒಂದೊಂದಾಗಿ ನೋಡಿದಳು, ಕರುವನ್ನು ನೋಡಿದಳು.

"ಅಷ್ಟು ದೂರ ನಡೆಯುತ್ತಾ ಇದು?" ಎಂದಳು.

ಆ ಮಾತಿನಲ್ಲಿ ನನ್ನ ದೊಡ್ಡ ಚಿಂತೆ ಬಗೆಹರಿದಿತ್ತು ಎಂಬುದು ಹೊಳೆಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾನೂ ಕೊಟ್ಟಿಗೆಯೊಳಗೆ ಬಗ್ಗಿ ಎಮ್ಮೆಯ ಗೊರಸು ನೋಡುತ್ತಿದ್ದೆ. ಹಿಂದಿನ ಎಡಗಾಲು ನನಗೆ ಅಷ್ಟು ಸರಿಯಾಗಿ ಕಾಣಲಿಲ್ಲ.